ಸೆಕೆಂಡ್ ಹ್ಯಾಂಡ್ ಟೈರು: ನೋಡಬೇಕಾದ್ದು ಒಳಮೈ

ಹೈದರಾಬಾದಿನ ಮೆಹದಿಪಟ್ಟಣಂನಲ್ಲಿ ವಿಳಾಸವೆಂದರೆ ಕಂಬದ ನಂಬರು. ಪಿ.ವಿ. ನರಸಿಂಹರಾವ್ ಎಕ್ಸ್‌ಪ್ರೆಸ್‌ವೇಯನ್ನು ಹೊತ್ತು ನಿಂತ ಪಿಲ್ಲರುಗಳಿಗೆಲ್ಲ ಸಂಖ್ಯೆ ಬರೆದಿದ್ದಾರೆ. ಮದುವೆ ಹಾಲು, ಔಷಧಿ ಅಂಗಡಿ, ಬಿರಿಯಾನಿ ಹೋಟೆಲು, ಟೈರ್ ಅಂಗಡಿ ಎಲ್ಲವೂ 'ಇಂತಿಷ್ಟನೇ ಪಿಲ್ಲರ್ ಎದುರು'. 2009ರಲ್ಲಿ ಸಂಚಾರಕ್ಕೆ ತೆರೆದ, ಸುಮಾರು 11.6 ಕಿ.ಮೀ. ಉದ್ದದ ಈ ಮೇಲ್ಸೇತುವೆ ಸರೋಜಿನಿ ದೇವಿ ಕಣ್ಣಿನ ಆಸ್ಪತ್ರೆಯ ಹತ್ತಿರ ಏರಿ ಆರಾಂಘರ್‌ನಲ್ಲಿ ಇಳಿಯುತ್ತದೆ. ಶಂಷಾಬಾದ್ ವಿಮಾನ ನಿಲ್ದಾಣಕ್ಕೆ ಹೋಗಿಬರುವ ಕ್ಯಾಬುಗಳಿಗೆ ಇದೇ ಹೆದ್ದಾರಿ. ಲಂಗರ್ ಹೌಸ್ ದಾಟಿ ಚೇವೆಳ್ಳ, ಪರಿಗಿ, ಕೊಡಂಗಲ್ ಮೇಲೆ ಸೇಡಂ, ಯಾದಗಿರಿ ಕಡೆಗೆ ಹೋಗುವ ನಮ್ಮವರ ಗಾಡಿಗಳೂ ಇಲ್ಲೇ ನಿಂತು ಗಾಳಿ ಹಿಡಿಸಿಕೊಂಡು ಹೊರಡುತ್ತವೆ. ಇಷ್ಟು ಓಡಾಟವಿದ್ದಲ್ಲಿ ಹಳೆಯ ಟೈರಿನ ವ್ಯಾಪಾರವೂ ಇದ್ದೇ ಇರುತ್ತದೆ.

ಅಂಥ ಅಂಗಡಿಯ ಮುಂದೆ ಕೊಳ್ಳುವವರು ಏನು ಮಾಡುತ್ತಾರೆಂದು ಗಮನಿಸಿ. ಟೈರನ್ನು ನೆಲದ ಮೇಲೆ ಉರುಳಿಸಿ ನೋಡುತ್ತಾರೆ, ಗ್ರಿಪ್ಪಿನ ಸಂದಿಗೆ ಉಗುರು ಹಾಕುತ್ತಾರೆ, ಕಂಪನಿಯ ಹೆಸರು ಓದುತ್ತಾರೆ, ದರ ಕೇಳುತ್ತಾರೆ. ಕಾರಿಗೆ ಅಲಾಯ್ ವೀಲ್ ಹಾಕಿಸಿದವರು ಇನ್ನೊಂದು ಮಾತು ಸೇರಿಸುತ್ತಾರೆ: "ರಿಮ್ ಪ್ರೊಟೆಕ್ಟರ್ ಇರೋದು ಇದೆಯಾ?" ರಿಮ್ಮಿಗೆ ಗೀರು ಬೀಳಬಾರದು ಎಂಬ ಕಾಳಜಿ ಅದು. ಟೈರಿನ ಎರಡು ಅಂಚನ್ನು ಹಿಗ್ಗಿಸಿ ಒಳಗೆ ಇಣುಕುವವರು ಮಾತ್ರ ತೀರ ವಿರಳ. ನನ್ನ ಆಕ್ಷೇಪವಿರುವುದು ಇಲ್ಲೇ. ಹಳೆಯ ಟೈರು ಕೊಳ್ಳುವುದು ತಪ್ಪಲ್ಲ. ಆದರೆ ಅದರ ಬೆಲೆಯನ್ನೂ ಅದನ್ನು ಏರಿ ಕೂತವರ ಹಣೆಬರಹವನ್ನೂ ತೀರ್ಮಾನಿಸುವ ಸಂಗತಿ ಒಳಮೈಯಲ್ಲಿದೆ. ಕೊಳ್ಳುವವನೂ ಅಲ್ಲಿ ನೋಡುವುದಿಲ್ಲ, ನಮ್ಮ ಕಾನೂನೂ ಅಲ್ಲಿಗೆ ತಲುಪುವುದಿಲ್ಲ.

'ಟೈರು ಸಿಡಿಯಿತು, ಏನು ಮಾಡೋಕಾಗತ್ತೆ, ದೇವರಿಚ್ಛೆ' ಎನ್ನುವ ಮಾತು ನಮ್ಮಲ್ಲಿ ಬಹಳ ಸಲೀಸಾಗಿ ಬರುತ್ತದೆ. 2010ರಲ್ಲಿ ಪುಣೆಯಿಂದ ಮುಂಬೈಗೆ ಹೊರಟಿದ್ದ ಕಾರೊಂದರ ಹಿಂದಿನ ಟೈರು ಸಿಡಿದು, ಗಾಡಿ ಕಂದಕಕ್ಕೆ ಬಿದ್ದು, ಒಳಗಿದ್ದವರೊಬ್ಬರು ತೀರಿಕೊಂಡರು. ಪರಿಹಾರದ ಪ್ರಶ್ನೆ ಬಂದಾಗ ವಿಮಾ ಕಂಪನಿ ಇದನ್ನೇ ವಾದವಾಗಿ ಮುಂದಿಟ್ಟಿತು: ಟೈರು ಸಿಡಿಯುವುದು ದೈವಕೃತ್ಯ, ಅದಕ್ಕೆ ಯಾರೂ ಹೊಣೆಯಲ್ಲ. 2023ರಲ್ಲಿ ಬಾಂಬೆ ಹೈಕೋರ್ಟ್ ಈ ವಾದವನ್ನು ತಳ್ಳಿಹಾಕಿತು. ಅತಿವೇಗ, ಗಾಳಿ ಕಡಿಮೆ ಅಥವಾ ಹೆಚ್ಚು ಇರುವುದು, ಹಳೆಯ ಟೈರು, ಬಿಸಿಲು ಇವೆಲ್ಲ ಟೈರು ಸಿಡಿಯಲು ಕಾರಣಗಳು. ಹೊರಡುವ ಮೊದಲು ಟೈರು ನೋಡಿಕೊಳ್ಳುವುದು ಚಾಲಕನ ಕೆಲಸ. ಆದ್ದರಿಂದ ಇದು ಮನುಷ್ಯನ ನಿರ್ಲಕ್ಷ್ಯ ಎಂದಿತು. ನನಗೆ ಆ ತೀರ್ಪು ತುಂಬ ನ್ಯಾಯವಾಗಿ ಕಾಣುತ್ತದೆ. ದೇವರ ಮೇಲೆ ಹಾಕುವುದನ್ನು ಬಿಟ್ಟರೆ ಟೈರನ್ನು ನೋಡುವುದು ಹೇಗೆಂದು ಕಲಿಯುವುದೊಂದೇ ಉಳಿಯುವ ದಾರಿ.

ಮೊದಲು, ಈ ಟೈರುಗಳು ಎಲ್ಲಿಂದ ಬರುತ್ತವೆ? ಕೆಲವು ಅಪಘಾತವಾದ ಅಥವಾ ಗುಜರಿಗೆ ಬಿದ್ದ ಗಾಡಿಗಳವು. ಕೆಲವು, ನಾಲ್ಕನ್ನೂ ಒಟ್ಟಿಗೆ ಬದಲಿಸುವ ಶಿಸ್ತಿನ ಮಾಲೀಕರು ಬಿಟ್ಟುಹೋದವು. ಇನ್ನು ಕೆಲವು, ಏನೋ ಏಟು ಬಿದ್ದದ್ದಕ್ಕೇ ಬಿಚ್ಚಿಸಿದವು. ಅಪಾಯ ಇರುವುದು ಈ ಮೂರನೆಯ ಗುಂಪಿನಲ್ಲಿ. ಅಟ್ಟಿಯಲ್ಲಿ ಜೋಡಿಸಿಟ್ಟ ಮೇಲೆ ಯಾವುದು ಯಾವ ಗುಂಪಿನದು ಎಂದು ಹೇಳುವ ಗುರುತು ಟೈರಿನ ಹೊರಮೈಯಲ್ಲಿ ಉಳಿದಿರುವುದಿಲ್ಲ. ಇವೆಲ್ಲಕ್ಕಿಂತ ಒಳ್ಳೆಯ ಮೂಲ ಇನ್ನೊಂದಿದೆ. ಹೊಸ ಕಾರು ಶೋರೂಮಿನಿಂದ ಬಂದ ವಾರದಲ್ಲೇ ಕಂಪನಿಯ ಚಕ್ರ ತೆಗೆಸಿ ದೊಡ್ಡ ಅಲಾಯ್ ಹಾಕಿಸುವವರು ಎಲ್ಲ ದೊಡ್ಡ ಊರುಗಳಲ್ಲೂ ಇದ್ದಾರೆ. ಅವರು ಬಿಚ್ಚಿಸಿ ಬಿಟ್ಟ ಟೈರಿನ ಮೇಲೆ ಅಚ್ಚಿನಿಂದ ಬಂದ ರಬ್ಬರಿನ ಸಣ್ಣ ಕೂದಲುಗಳು ಕೂಡ ಹಾಗೇ ಇರುತ್ತವೆ. ಅಂಥದ್ದು ಸಿಕ್ಕರೆ ಕಣ್ಣುಮುಚ್ಚಿ ಕೊಳ್ಳಿ ಎನ್ನುವುದಿಲ್ಲ, ಕಣ್ಣು ತೆರೆದು ಕೊಳ್ಳಿ.

ಹೀಗೆ ಚಕ್ರ ದೊಡ್ಡದು ಮಾಡಿಸಿದಾಗ ನಿಜವಾಗಿ ಏನಾಗುತ್ತದೆ ನೋಡೋಣ, ಏಕೆಂದರೆ ರಿಮ್ ಪ್ರೊಟೆಕ್ಟರಿನ ಕಥೆ ಹುಟ್ಟುವುದೇ ಅಲ್ಲಿ. ನಮ್ಮ ಕ್ಯಾಬುಗಳಲ್ಲಿ ಸರ್ವೇಸಾಮಾನ್ಯವಾಗಿ ಕಾಣುವ ಡಿಜೈರ್‌ನ ಟೈರು 165/80 ಆರ್14. ಅಂದರೆ ಅಗಲ 165 ಮಿ.ಮೀ., ಪಕ್ಕೆಯ ಎತ್ತರ ಅದರ ಶೇ. 80, ಅಂದರೆ 132 ಮಿ.ಮೀ.; ರಿಮ್ಮಿನ ಅಳತೆ 14 ಇಂಚು. ಒಟ್ಟು ಎತ್ತರ ಸುಮಾರು 620 ಮಿ.ಮೀ. ಆಯಿತು. ಒಟ್ಟು ಎತ್ತರ ಹೆಚ್ಚುಕಡಿಮೆ ಆಗದಂತೆ 17 ಇಂಚಿನ ಅಲಾಯ್ ಹಾಕಿಸಬೇಕೆಂದರೆ 205/45ರಂಥ ಟೈರು ಬೇಕು. ಅದರ ಒಟ್ಟು ಎತ್ತರ ಸುಮಾರು 616, ಆದರೆ ಪಕ್ಕೆಯ ಎತ್ತರ ಕೇವಲ 92 ಮಿ.ಮೀ. ರಸ್ತೆಯ ಏಟನ್ನು ತಾಳಿಕೊಳ್ಳುವ ರಬ್ಬರು ಮತ್ತು ಗಾಳಿಯ ಪದರ 40 ಮಿ.ಮೀ. ಕಳೆದುಹೋಯಿತು. ಅಷ್ಟರ ಮಟ್ಟಿಗೆ ರಿಮ್ಮು ಫುಟ್‌ಪಾತಿನ ಕಲ್ಲಿಗೆ, ಡಿವೈಡರಿಗೆ, ಗುಂಡಿಯ ಅಂಚಿಗೆ ಹತ್ತಿರವಾಯಿತು. ಇಷ್ಟು ಪಕ್ಕೆ ಕಿರಿದಾದ ಟೈರಿನಲ್ಲಿ ಅಲಾಯ್ ಉಳಿಸಿಕೊಳ್ಳಲು ಕಂಪನಿಗಳು ಕಂಡುಕೊಂಡ ಉಪಾಯವೇ ರಿಮ್ ಪ್ರೊಟೆಕ್ಷನ್.

ಉಪಾಯ ಸರಳವಾದದ್ದು. ಟೈರು ರಿಮ್ಮಿಗೆ ಕಚ್ಚಿಕೊಳ್ಳುವ ಅಂಚಿಗೆ ಬೀಡ್ ಎನ್ನುತ್ತಾರೆ. ಅದರ ಸ್ವಲ್ಪ ಮೇಲೆ, ಪಕ್ಕೆಯ ಸುತ್ತಲೂ ದಪ್ಪ ರಬ್ಬರಿನ ಒಂದು ಏಣು ಅಚ್ಚಿನಲ್ಲೇ ಮೂಡಿಬಂದಿರುತ್ತದೆ. ಟೈರು ರಿಮ್ಮಿನ ಮೇಲೆ ಕೂತು ಗಾಳಿ ತುಂಬಿದಾಗ ಈ ಏಣು ಲೋಹದ ಅಂಚಿಗಿಂತ ಹೊರಗೆ ಚಾಚಿಕೊಳ್ಳುತ್ತದೆ. ಗಾಡಿ ನಿಲ್ಲಿಸುವಾಗ ಕಲ್ಲಿಗೆ ಉಜ್ಜಿದರೆ ಮೊದಲು ರಬ್ಬರು ಉಜ್ಜುತ್ತದೆ, ಅಲಾಯ್ ಉಳಿಯುತ್ತದೆ. ಪಕ್ಕೆಯ ಮೇಲೆ ಇದನ್ನು ಸೂಚಿಸುವ ಅಕ್ಷರಗಳು ಒಂದೊಂದು ಕಂಪನಿಗೆ ಒಂದೊಂದು: ಕಾಂಟಿನೆಂಟಲ್ 'ಎಫ್‌ಆರ್' ಎನ್ನುತ್ತದೆ, ಡನ್ಲಪ್ 'ಎಂಎಫ್‌ಎಸ್', ಗುಡ್‌ಇಯರ್ 'ಎಫ್‌ಪಿ'. ಎಲ್ಲರೂ ಒಪ್ಪಿದ ಒಂದೇ ಗುರುತಿಲ್ಲ. ಗುರುತೇ ಇಲ್ಲದೆ ಏಣು ಇರುವ ಟೈರುಗಳೂ ಇವೆ. ಆದ್ದರಿಂದ ಅಕ್ಷರ ಹುಡುಕುವುದಕ್ಕಿಂತ ಬೆರಳು ಆಡಿಸಿ ನೋಡುವುದು ಒಳ್ಳೆಯದು. ಅಂಗಡಿಯಲ್ಲಿ ಕೆಂಪು, ನೀಲಿ ಬಣ್ಣದಲ್ಲಿ ರಿಮ್ಮಿಗೆ ಅಂಟಿಸುವ ಪಟ್ಟಿಗಳನ್ನೂ 'ರಿಮ್ ಗಾರ್ಡ್' ಎಂದೇ ಮಾರುತ್ತಾರೆ. ಅದು ಬೇರೆ ಸಾಮಾನು, ಇದಕ್ಕೂ ಅದಕ್ಕೂ ಸಂಬಂಧವಿಲ್ಲ.

ಈ ಏಣು ಕಾಪಾಡುವುದು ಎಷ್ಟನ್ನು? ಉಜ್ಜಾಟದಿಂದ ರಿಮ್ಮಿನ ಅಂಚನ್ನು. ಅಷ್ಟೇ. ಅರವತ್ತರ ವೇಗದಲ್ಲಿ ಗುಂಡಿಗೆ ಬಿದ್ದಾಗ ಅದು ಏನೂ ಮಾಡುವುದಿಲ್ಲ. ಆಗ ಏಟು ಬರುವುದು ಪಕ್ಕದಿಂದಲ್ಲ, ಕೆಳಗಿನಿಂದ. ಗುಂಡಿಯ ಅಂಚು ಒಂದು ಕಡೆ, ರಿಮ್ಮಿನ ಅಂಚು ಇನ್ನೊಂದು ಕಡೆ, ನಡುವೆ ಸಿಕ್ಕ ಪಕ್ಕೆಯ ಒಳಗಿನ ಪಾಲಿಯೆಸ್ಟರ್ ನೂಲುಗಳು ಕತ್ತರಿಸಿಹೋಗುತ್ತವೆ. ಹೊರಗಿನ ರಬ್ಬರು ಹರಿಯದೆ ಉಳಿಯಬಹುದು. ಕೆಲವು ದಿನ ಕಳೆದ ಮೇಲೆ ನೂಲು ತುಂಡಾದ ಜಾಗದಲ್ಲಿ ಗಾಳಿ ಒತ್ತಿ ಗುಬುಟು ಏಳುತ್ತದೆ. ರಿಮ್ಮಿನ ಅಗಲವೂ ಸರಿಯಿರಬೇಕು. 205/45 ಆರ್17 ಟೈರಿಗೆ ಹೊಂದುವ ರಿಮ್ಮಿನ ಅಗಲ 6.5ರಿಂದ 7.5 ಇಂಚು. ಅದಕ್ಕಿಂತ ಅಗಲದ ರಿಮ್ಮಿಗೆ ಎಳೆದು ಕೂರಿಸಿದರೆ ಪಕ್ಕೆ ಒಳಕ್ಕೆ ವಾಲಿ ಲೋಹವೇ ಹೊರಗೆ ಬರುತ್ತದೆ. ಏಣು ಇದ್ದೂ ಇಲ್ಲದಂತೆ. ಕಬ್ಬಿಣದ ರಿಮ್ಮಿಗೆ ಪ್ಲಾಸ್ಟಿಕ್ ವೀಲ್ ಕ್ಯಾಪ್ ಒತ್ತಿ ಕೂರಿಸುವ ಗಾಡಿಗಳಲ್ಲಂತೂ ದಪ್ಪ ಏಣು ಅಡ್ಡ ಬಂದು ಕ್ಯಾಪು ಸರಿಯಾಗಿ ಕೂರದೆ ದಾರಿಯಲ್ಲಿ ಕಳಚಿಬೀಳುವುದುಂಟು. ಅಂಥ ಗಾಡಿಯವರು ರಿಮ್ ಪ್ರೊಟೆಕ್ಟರ್ ಇದೆಯೆಂದು ಹೆಚ್ಚು ಹಣ ಕೊಡಬೇಕಾಗಿಲ್ಲ.

ಆದರೂ ಹಳೆಯ ಟೈರು ಕೊಳ್ಳುವವನಿಗೆ ಈ ಏಣಿನಿಂದ ಇನ್ನೊಂದು ಉಪಯೋಗವಿದೆ. ಹಿಂದಿನ ಮಾಲೀಕ ಗಾಡಿಯನ್ನು ಹೇಗೆ ಓಡಿಸಿದ ಎಂದು ಅದು ಹೇಳಿಬಿಡುತ್ತದೆ. ಸುತ್ತಲೂ ಸಮನಾಗಿ, ಅಂಚು ಚೂಪಾಗಿ ಉಳಿದಿದ್ದರೆ ಗಾಡಿ ಜೋಪಾನವಾಗಿತ್ತು ಎಂದರ್ಥ. ಅಲ್ಲಲ್ಲಿ ಒರಟಾಗಿ ಸವೆದಿದ್ದರೆ ಕಲ್ಲಿಗೆ ಉಜ್ಜಿಸಿದ್ದಾರೆ. ಅದೊಂದೇ ಆದರೆ ಟೈರಿನ ಬಲಕ್ಕೆ ಕುಂದಿಲ್ಲ, ಬೆಲೆ ಇಳಿಸಲು ಒಂದು ಕಾರಣ, ಅಷ್ಟೇ. ಒಂದೇ ಜಾಗದಲ್ಲಿ ಏಣು ಆಳವಾಗಿ ಕಿತ್ತುಬಂದಿದ್ದರೆ ಮಾತ್ರ ಆ ಜಾಗವನ್ನು ನೆನಪಿಟ್ಟುಕೊಳ್ಳಿ, ಅದರ ನೇರಕ್ಕೆ ಒಳಗಡೆ ನೋಡಬೇಕು. ಕಲ್ಲು ಹೊರಗೆ ಅಷ್ಟು ಕಿತ್ತಿದ್ದರೆ ಒಳಗೆ ನೂಲಿಗೆ ಏನಾಗಿದೆಯೋ ಎಂಬ ಪ್ರಶ್ನೆ ಏಳಲೇಬೇಕು. ಟೈರ್ ಪಾಲಿಶ್ ಹಚ್ಚಿ ಮಿರಮಿರ ಮಿಂಚಿಸಿದ ಪಕ್ಕೆಯಲ್ಲಿ ಇದೆಲ್ಲ ಕಾಣುವುದಿಲ್ಲ. ಒದ್ದೆ ಬಟ್ಟೆ ಕೇಳಿ, ಒರೆಸಿ, ಆಮೇಲೆ ನೋಡಿ.

ಈಗ ಒಳಮೈ. ಅಂಗಡಿಯವರಿಗೆ "ಭಾಯ್, ಅಂದರ್ ಸೇ ದಿಖಾವ್" ಎಂದು ಹೇಳಿದರೆ ಸಾಕು. ಮೆಹದಿಪಟ್ಟಣಂನ ದಖನಿಯೂ ಬೀದರ್, ಕಲಬುರಗಿಯ ದಖನಿಯೂ ಅಣ್ಣತಮ್ಮಂದಿರು, ನಮ್ಮ ಕಡೆಯವರಿಗೆ ಅಲ್ಲಿ ಮಾತಿನ ತೊಡಕಿಲ್ಲ. ಟೈರು ರಿಮ್ಮಿನ ಮೇಲೇ ಇದ್ದರೆ ಕಳಚಿಸಬೇಕು. ಒಳಗಡೆ ಮೊಬೈಲಿನ ಟಾರ್ಚ್ ಹಾಕಿ ಅಂಗೈಯನ್ನು ನಿಧಾನವಾಗಿ ಸುತ್ತಲೂ ಜಾರಿಸಿ. ಆರೋಗ್ಯವಾಗಿರುವ ಟೈರಿನ ಒಳಪದರ ನಯವಾಗಿ, ಒಂದೇ ಬಣ್ಣದಲ್ಲಿ ಇರುತ್ತದೆ. ಗಾಳಿ ಸೋರದಂತೆ ತಡೆಯಲು ಹಾಕಿದ ಬ್ಯುಟೈಲ್ ಜಾತಿಯ ರಬ್ಬರು ಅದು. ಪಂಕ್ಚರ್ ಆದ ಮೇಲೂ, ಅಥವಾ ಗಾಳಿ ತೀರ ಕಡಿಮೆಯಿದ್ದಾಗಲೂ ಓಡಿಸಿದ ಟೈರಿನಲ್ಲಿ ಹಾಗಿರುವುದಿಲ್ಲ. ಪಕ್ಕೆಯ ಮಧ್ಯಭಾಗದಲ್ಲಿ ಸುತ್ತಲೂ ಒಂದು ಪಟ್ಟಿ ಬೂದುಬಣ್ಣಕ್ಕೆ ತಿರುಗಿ, ಒರಟಾಗಿ, ನೆರಿಗೆ ಬಿದ್ದಿರುತ್ತದೆ. ಇನ್ನೂ ಕೆಟ್ಟ ಸ್ಥಿತಿಯಲ್ಲಿದ್ದರೆ ಬೆರಳಿಗೆ ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉದುರುವಂಥ ಕಪ್ಪು ಪುಡಿ ಅಂಟುತ್ತದೆ. ಅದು ಮಣ್ಣಲ್ಲ, ಟೈರಿನದೇ ರಬ್ಬರು. ಗಾಳಿ ಇಲ್ಲದೆ ಪಕ್ಕೆ ಮಡಚಿ ಮಡಚಿ, ಬಿಸಿಯೇರಿ, ಒಳಗಿನಿಂದ ತೇದುಹೋಗಿದೆ. ಅಂಥ ಟೈರಿನ ಗ್ರಿಪ್ಪು 7 ಮಿ.ಮೀ. ಇರಲಿ, ಹೊರಗೆ ಹೊಚ್ಚಹೊಸದರಂತೆ ಕಾಣಲಿ, ಉಚಿತವಾಗಿ ಕೊಟ್ಟರೂ ಬೇಡ. ಗಾಳಿ ತುಂಬಿದರೆ ನಿಲ್ಲುತ್ತದೆ, ಊರೊಳಗೆ ಓಡುತ್ತದೆ, ಬೇಸಿಗೆಯ ಮಧ್ಯಾಹ್ನ ನಾಲ್ಕು ಜನ ಕೂತು ಔಟರ್ ರಿಂಗ್ ರೋಡಿಗೆ ಏರಿದಾಗ ಆ ಪಕ್ಕೆ ಬಿಚ್ಚಿಕೊಳ್ಳುತ್ತದೆ. ಆ ರಸ್ತೆಯಲ್ಲಿ ಕಾರಿಗೆ ಗಂಟೆಗೆ 120 ಕಿ.ಮೀ.ವರೆಗೆ ಅನುಮತಿಯಿದೆ ಎಂಬುದನ್ನು ಮರೆಯಬಾರದು.

ಒಳಗೆ ನೋಡುವಾಗ ಪಂಕ್ಚರ್ ಹಾಕಿದ ಗುರುತುಗಳೂ ಸಿಗುತ್ತವೆ. ಹೊರಗಿನಿಂದ ತುರುಕಿದ ಸ್ಟ್ರಿಪ್ಪಿನ ಬಾಲ ಒಳಗೆ ಇಳಿಬಿದ್ದಿರುತ್ತದೆ. ಗ್ರಿಪ್ಪಿನ ನಡುಭಾಗದಲ್ಲಿ ಒಂದೆರಡು ಇದ್ದರೆ, ಅದನ್ನು ಒಳಗಿನಿಂದ ಮಶ್ರೂಮ್ ಪ್ಯಾಚ್ ಹಾಕಿ ಮುಚ್ಚಿದ್ದರೆ ಚಿಂತೆಯಿಲ್ಲ. ಭುಜದ ಭಾಗದಲ್ಲಿ ಅಥವಾ ಪಕ್ಕೆಯಲ್ಲಿ ಇದ್ದರೆ ಬೇಡವೇ ಬೇಡ. ಪಕ್ಕೆ ಪ್ರತಿ ಸುತ್ತಿನಲ್ಲೂ ಬಾಗುವ ಭಾಗ. ಅಲ್ಲಿ ಹಾಕಿದ ತೇಪೆ ನಿಲ್ಲುವುದಿಲ್ಲ. ಕೊನೆಗೆ ಬೀಡಿನ ಅಂಚು ನೋಡಿ. ಕಬ್ಬಿಣದ ಸರಳು ಹಾಕಿ ಒರಟಾಗಿ ಕಳಚಿದವರು ಅಲ್ಲಿ ರಬ್ಬರನ್ನು ಹರಿದಿರುತ್ತಾರೆ, ಒಳಗಿನ ತಂತಿ ಹೊಳೆಯುತ್ತಿರುತ್ತದೆ. ತಂತಿ ಕಂಡ ಟೈರು ಗಾಡಿಗಲ್ಲ, ಗುಜರಿಗೆ.

ಇಲ್ಲಿ ಒಂದು ಮಾತು ಸೇರಿಸಬೇಕು. ಪಕ್ಕೆಯಲ್ಲಿ ಅಡಿಯಿಂದ ಮುಡಿಗೆ ಒಂದು ಸಣ್ಣ ತಗ್ಗು ಗೆರೆಯಂತೆ ಕಂಡರೆ ಹಲವರು ಹೆದರಿ ಒಳ್ಳೆಯ ಟೈರನ್ನೇ ಬಿಡುತ್ತಾರೆ. ಅದು ತಯಾರಿಯ ಹೊತ್ತಿಗೆ ನೂಲಿನ ಹಾಳೆಯ ಎರಡು ತುದಿ ಒಂದರ ಮೇಲೊಂದು ಕೂತ ಜಾಗ. ಅಲ್ಲಿ ನೂಲು ಎರಡು ಪದರ ಇರುವುದರಿಂದ ಸ್ವಲ್ಪ ಒಳಕ್ಕೆ ಎಳೆದಿರುತ್ತದೆ, ದೋಷವಲ್ಲ. ಹೆದರಬೇಕಾದ್ದು ಹೊರಕ್ಕೆ ಉಬ್ಬಿದ್ದಕ್ಕೆ.

ಇನ್ನು ವಯಸ್ಸು. ಪಕ್ಕೆಯ ಮೇಲೆ ಡಾಟ್ ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯಲ್ಲಿ, ಸಣ್ಣ ಚೌಕಟ್ಟಿನೊಳಗೆ ನಾಲ್ಕು ಅಂಕಿಗಳಿರುತ್ತವೆ. 3519 ಎಂದಿದ್ದರೆ 2019ರ 35ನೇ ವಾರದಲ್ಲಿ ತಯಾರಾದದ್ದು. ಸಾಮಾನ್ಯವಾಗಿ ಒಂದೇ ಪಕ್ಕೆಯಲ್ಲಿ ಇರುವ ಈ ಅಂಕಿ ಒಳಮುಖಕ್ಕೆ ಸಿಕ್ಕಿಹಾಕಿಕೊಂಡಿರಬಹುದು, ಟೈರನ್ನು ತಿರುಗಿಸಿ ಹುಡುಕಬೇಕು. ರಬ್ಬರಿಗೆ ಓಡಾಟಕ್ಕಿಂತ ದೊಡ್ಡ ಶತ್ರು ಕಾಲ. ಆಮ್ಲಜನಕ, ಓಜೋನ್, ಬಿಸಿಲು ಸೇರಿ ಅದನ್ನು ಗಡುಸು ಮಾಡುತ್ತವೆ. ರಬ್ಬರಿನಲ್ಲಿ ಬೆರೆಸಿದ ರಕ್ಷಕ ರಾಸಾಯನಿಕ ಟೈರು ಓಡುತ್ತಿರುವಾಗ ಬಾಗಿ ಬಾಗಿ ಮೇಲ್ಮೈಗೆ ಬರುತ್ತಿರುತ್ತದೆ. ನಿಂತೇ ಇದ್ದ ಗಾಡಿಯ ಟೈರಿಗೆ ಆ ರಕ್ಷಣೆಯೂ ಕಡಿಮೆ. ಹಾಗಾಗಿ 'ಹೆಚ್ಚು ಓಡಿಲ್ಲ ಸಾರ್, ಬರೀ ನಿಂತಿತ್ತು' ಎಂಬ ಮಾತು ಹೊಗಳಿಕೆ ಅಲ್ಲ. ಹಲವು ಕಾರು ಕಂಪನಿಗಳು ಆರು ವರ್ಷಕ್ಕೆ ಟೈರು ಬದಲಿಸಿ ಎನ್ನುತ್ತವೆ. ಟೈರು ಕಂಪನಿಗಳು ಹತ್ತು ವರ್ಷವನ್ನು ಕೊನೆಯ ಗಡಿಯಾಗಿ ಹೇಳುತ್ತವೆ. ನಮ್ಮ ಬಿಸಿಲಿಗೆ, ಸೆಕೆಂಡ್ ಹ್ಯಾಂಡ್ ಟೈರಿಗೆ, ನಾನು ನಾಲ್ಕು ವರ್ಷದ ಗೆರೆ ಎಳೆಯುತ್ತೇನೆ. ಕೊಂಡ ಮೇಲೆ ಎರಡು ವರ್ಷವಾದರೂ ಓಡಬೇಕಲ್ಲ.

ವಯಸ್ಸಿನ ಮಾತು ಅತಿಯಾಯಿತು ಎನ್ನುವವರಿಗೆ ಎರಡು ಘಟನೆ ಹೇಳುತ್ತೇನೆ. 2013ರ ನವೆಂಬರ್ 30ರಂದು ಹಾಲಿವುಡ್ ನಟ ಪಾಲ್ ವಾಕರ್ ಸತ್ತ ಪೋರ್ಷೆ ಕಾರಿನ ಅಪಘಾತದಲ್ಲಿ ಅತಿವೇಗದ ಜತೆಗೆ ಟೈರುಗಳು ಒಂಬತ್ತು ವರ್ಷದಷ್ಟು ಹಳೆಯವಾಗಿದ್ದದ್ದೂ ಕಾರಣ ಎಂದು ತನಿಖೆ ಹೇಳಿತು. ಕೋಟಿಗಟ್ಟಲೆ ಬೆಲೆಯ ಕಾರು ಅದು. ಹಳೆಯ ಟೈರು ಬಡವನ ಗಾಡಿಯಲ್ಲಿ ಮಾತ್ರ ಇರುತ್ತದೆ ಎಂದು ಯಾರೂ ತಿಳಿಯಬೇಕಾಗಿಲ್ಲ. 2012ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನಲ್ಲಿ ಸಂಗೀತೋತ್ಸವದಿಂದ ಯುವಕರನ್ನು ಕರೆತರುತ್ತಿದ್ದ ಬಸ್ಸಿನ ಮುಂದಿನ ಟೈರು ಸಿಡಿದು ಮೂವರು ಸತ್ತರು. ಟೈರಿನ ವಯಸ್ಸು ಹತ್ತೊಂಬತ್ತೂವರೆ ವರ್ಷ. ಆಗ ಅಲ್ಲಿನ ಕಾನೂನಿನಲ್ಲಿ ವಯಸ್ಸಿನ ಮಿತಿಯೇ ಇರಲಿಲ್ಲ. ಸತ್ತವರಲ್ಲಿ ಒಬ್ಬ ಹುಡುಗನ ತಾಯಿ ಹಿಡಿದ ಹಟ ಬಿಡದೆ ವರ್ಷಗಟ್ಟಲೆ ಹೋರಾಡಿದರು. 2021ರ ಫೆಬ್ರವರಿ 1ರಿಂದ ಅಲ್ಲಿ ಬಸ್ಸು, ಲಾರಿಗಳ ಮುಂದಿನ ಆಕ್ಸಲ್‌ನಲ್ಲಿ ಹತ್ತು ವರ್ಷ ಮೀರಿದ ಟೈರು ನಿಷಿದ್ಧ.

ಹಣದ ಲೆಕ್ಕಕ್ಕೆ ಬರೋಣ, ಏಕೆಂದರೆ ಸೆಕೆಂಡ್ ಹ್ಯಾಂಡ್ ಕೊಳ್ಳುವುದೇ ಉಳಿಸಲೆಂದು. ಹೊಸ ಟೈರು 4,000 ರೂಪಾಯಿ, ಗ್ರಿಪ್ಪಿನ ಆಳ 8 ಮಿ.ಮೀ. ಎಂದಿಟ್ಟುಕೊಳ್ಳಿ. ಕಾನೂನಿನ ಮಿತಿ 1.6 ಮಿ.ಮೀ. ಅಲ್ಲಿಯವರೆಗೆ ಬಳಸಲು ಸಿಗುವುದು 6.4, ಮಿ.ಮೀ.ಗೆ 625 ರೂಪಾಯಿ. 4 ಮಿ.ಮೀ. ಉಳಿದ ಹಳೆಯ ಟೈರನ್ನು ಅರ್ಧ ಬೆಲೆಗೆ, 2,000ಕ್ಕೆ ಕೊಂಡರೆ ಸಿಗುವುದು 2.4 ಮಿ.ಮೀ., ಮಿ.ಮೀ.ಗೆ 833 ರೂಪಾಯಿ. ಅರ್ಧ ಬೆಲೆಗೆ ಸಿಕ್ಕಿತೆಂದು ಸಂತೋಷಪಟ್ಟವರು ನಿಜಕ್ಕೂ ಹೆಚ್ಚು ಕೊಟ್ಟಿದ್ದಾರೆ. ಮಳೆಗಾಲದ ಲೆಕ್ಕ ಇನ್ನೂ ಕಠಿಣ. 3 ಮಿ.ಮೀ.ಗಿಂತ ಕೆಳಗಿಳಿದ ಗ್ರಿಪ್ಪು ನೀರನ್ನು ಸರಿಯಾಗಿ ಹೊರದೂಡುವುದಿಲ್ಲ. ಬ್ರೇಕ್ ಹಾಕಿದರೆ ಗಾಡಿ ದೂರ ಜಾರುತ್ತದೆ. ಒಂದು ಜೋರು ಮಳೆಗೆ ಮೆಹದಿಪಟ್ಟಣಂ ಹತ್ತಿರದ ಟೋಲಿಚೌಕಿಯ ರಸ್ತೆಗಳು ಕೆರೆಯಾಗುವುದನ್ನು ಕಂಡವರು 3 ಮಿ.ಮೀ.ಯನ್ನೇ ಮಿತಿ ಎಂದುಕೊಳ್ಳುವುದು ಕ್ಷೇಮ. ಹಾಗೆಂದುಕೊಂಡರೆ ಹೊಸದರಲ್ಲಿ 5 ಮಿ.ಮೀ. ಸಿಗುತ್ತದೆ, ಮಿ.ಮೀ.ಗೆ 800, ಆ ಹಳೆಯದರಲ್ಲಿ ಸಿಗುವುದು ಒಂದೇ ಮಿ.ಮೀ., ಅದಕ್ಕೆ 2,000. ಜತೆಗೆ ಕಳಚಿ ಕೂರಿಸುವ, ಬ್ಯಾಲೆನ್ಸಿಂಗ್ ಮಾಡಿಸುವ ಖರ್ಚು ಎರಡೆರಡು ಸಲ. ಅದೇ 5.5 ಮಿ.ಮೀ. ಉಳಿದ, ಎರಡು ವರ್ಷದ ಟೈರು 1,600ಕ್ಕೆ ಸಿಕ್ಕರೆ 3 ಮಿ.ಮೀ.ಗೆ ಬರುವವರೆಗೆ ಎರಡೂವರೆ ಮಿ.ಮೀ. ಇದೆ, ಮಿ.ಮೀ.ಗೆ 640, ಅದು ಒಳ್ಳೆಯ ವ್ಯಾಪಾರ. 2025ರ ಸೆಪ್ಟೆಂಬರ್ 22ರಿಂದ ಹೊಸ ಟೈರಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದ ಮೇಲೆ ಹಳೆಯದು ಲಾಭವಾಗಬೇಕಾದರೆ ಅದರ ಬೆಲೆಯೂ ಅಷ್ಟು ಇಳಿಯಬೇಕು. ಚೌಕಾಸಿ ಮಾಡುವಾಗ ಈ ಮಾತು ಆಡಲು ಸಂಕೋಚ ಬೇಡ.

ಆಳವಾಗಿ ಕಾಣುವ ಗ್ರಿಪ್ಪೆಲ್ಲ ನಿಜವಾದದ್ದಲ್ಲ ಎಂಬುದನ್ನೂ ಹೇಳಬೇಕು. ಸವೆದ ಟೈರಿಗೆ ಬಿಸಿ ಕತ್ತಿಯಿಂದ ಹೊಸ ಗೀರು ಕೊರೆಯುವವರಿದ್ದಾರೆ. ಲಾರಿ ಟೈರುಗಳಲ್ಲಿ ಹಾಗೆ ಕೊರೆಯಲೆಂದೇ ಅಡಿಯಲ್ಲಿ ದಪ್ಪ ರಬ್ಬರು ಬಿಟ್ಟು, ಪಕ್ಕೆಯ ಮೇಲೆ ಹಾಗೆಂದು ಬರೆದ ತಯಾರಿಗಳಿವೆ. ಕಾರಿನ ಟೈರಿನಲ್ಲಿ ಆ ರಬ್ಬರು ಇಲ್ಲ. ಕೊರೆದರೆ ಉಕ್ಕಿನ ಬೆಲ್ಟಿನ ತನಕ ಉಳಿಯುವುದು ತೆಳು ಪೊರೆ. ಗುರುತಿಸುವುದು ಹೇಗೆ? ಗೀರಿನ ತಳದಲ್ಲಿ ಅಡ್ಡಕ್ಕೆ 1.6 ಮಿ.ಮೀ. ಎತ್ತರದ ಸಣ್ಣ ದಿಬ್ಬಗಳಿರುತ್ತವೆ, ಸವೆತದ ಸೂಚಕಗಳು. ಕೊರೆದ ಟೈರಿನಲ್ಲಿ ಆ ದಿಬ್ಬ ಮಾಯವಾಗಿರುತ್ತದೆ ಅಥವಾ ಅರ್ಧ ಕತ್ತರಿಸಿರುತ್ತದೆ, ಗೀರಿನ ತಳ ಏರುಪೇರಾಗಿರುತ್ತದೆ.

ಇಷ್ಟೆಲ್ಲ ಓದಿ ಯಾರಾದರೂ ಕೇಳಬಹುದು: ದಿನಕ್ಕೆ ಹದಿನಾಲ್ಕು ಗಂಟೆ ಗಾಡಿ ಓಡಿಸಿ, ಕಂತು ಕಟ್ಟಿ, ಮಕ್ಕಳ ಫೀಸು ಕಟ್ಟುವ ಕ್ಯಾಬ್ ಡ್ರೈವರಿಗೆ ಈ ಉಪದೇಶವೇಕೆ? ಅವನಿಗೆ ನಾಲ್ಕು ಹೊಸ ಟೈರು ಕೊಳ್ಳುವ ಶಕ್ತಿ ಇದ್ದಿದ್ದರೆ ಇಲ್ಲಿಗೆ ಬರುತ್ತಿದ್ದನೆ? ಈ ಮಾತಿನಲ್ಲಿ ತೂಕವಿದೆ, ತಳ್ಳಿಹಾಕುವಂಥದ್ದಲ್ಲ. ಆದ್ದರಿಂದಲೇ ನಾನು ಈ ವ್ಯಾಪಾರ ಮುಚ್ಚಿಸಿ ಎನ್ನುತ್ತಿಲ್ಲ. ಮುಚ್ಚಿಸಿದರೆ ಅದು ಹಿತ್ತಲಿಗೆ ಹೋಗುತ್ತದೆ, ಅಥವಾ ಆ ಡ್ರೈವರು ನೂಲು ಕಾಣುವ ತನಕ ಸವೆದ ಟೈರಿನಲ್ಲೇ ಓಡಿಸುತ್ತಾನೆ. ಮೂರು ವರ್ಷದ, ಐದು ಮಿ.ಮೀ. ಉಳಿದ ಒಳ್ಳೆಯ ಟೈರು ಅವನ ಸವೆದ ಟೈರಿಗಿಂತ ಸಾವಿರ ಪಾಲು ಮೇಲು. ಒಳ್ಳೆಯದನ್ನು ಕೆಟ್ಟದ್ದರಿಂದ ಬೇರ್ಪಡಿಸುವ ಹೊರೆಯನ್ನು ಪೂರ್ತಿಯಾಗಿ ಅವನೊಬ್ಬನ ತಲೆಗೆ ಕಟ್ಟಿದ್ದೇವಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಉಪಕರಣವಿರುವುದು ಅಂಗಡಿಯವನ ಹತ್ತಿರ, ಅನುಭವವಿರುವುದು ಅವನಿಗೆ. ಹೊಣೆ ಮಾತ್ರ ಕೊಳ್ಳುವವನದು.

ಕಾನೂನು ಏನು ಹೇಳುತ್ತದೆ? 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 94ನೇ ನಿಯಮ ಕಾರಿನ ಗ್ರಿಪ್ಪು 1.6 ಮಿ.ಮೀ.ಗಿಂತ, ಎರಡು ಮತ್ತು ಮೂರು ಚಕ್ರದ ಗಾಡಿಗಳದು 0.8 ಮಿ.ಮೀ.ಗಿಂತ ಕಡಿಮೆ ಇರಬಾರದು ಎನ್ನುತ್ತದೆ. ಅದು ರಸ್ತೆಗಿಳಿದ ಗಾಡಿಗೆ ಅನ್ವಯ. 2009ರ ಗುಣಮಟ್ಟ ನಿಯಂತ್ರಣ ಆದೇಶ ಐಎಸ್ಐ ಗುರುತನ್ನು ಕಡ್ಡಾಯ ಮಾಡಿತು. ಅದು ಕಾರ್ಖಾನೆಯಿಂದ ಹೊರಬೀಳುವ ಹೊಸ ಟೈರಿಗೆ. 2022ರ ಜುಲೈನಲ್ಲಿ ಬಂದ ನಿಯಮಗಳು ಬಳಸಿ ಬಿಟ್ಟ ಟೈರಿನ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹಾಕಿದವು. ಅದು ಟೈರು ಸತ್ತ ಮೇಲಿನ ಮಾತು. ಹುಟ್ಟಿಗೂ ಸಾವಿಗೂ ನಿಯಮವಿದೆ. ಎರಡನೆಯ ಸಲ ಮಾರಾಟವಾಗುವ ಹೊತ್ತಿಗೆ ಅದನ್ನು ಯಾರು, ಹೇಗೆ ಪರೀಕ್ಷಿಸಬೇಕು ಎಂಬ ಪ್ರತ್ಯೇಕ ನಿಯಮ ಇಲ್ಲ.

ಬ್ರಿಟನ್ನಿನಲ್ಲಿ ಅಂಥದ್ದು 1994ರ ನಿಯಮಗಳಲ್ಲೇ ಇದೆ. ಬಳಸಿದ ಟೈರನ್ನು ಮಾರಬಹುದು. ಆದರೆ ಗ್ರಿಪ್ಪು ಅಗಲದುದ್ದಕ್ಕೂ ಕನಿಷ್ಠ 2 ಮಿ.ಮೀ. ಇರಬೇಕು, ಒಳಗಾಗಲಿ ಹೊರಗಾಗಲಿ ಉಬ್ಬು, ಹರಕು ಇರಬಾರದು, ಮಾರುವ ಮೊದಲು ಪೂರ್ತಿ ಗಾಳಿ ತುಂಬಿ ಪರೀಕ್ಷಿಸಿರಬೇಕು, 'ಬಳಸಿದ್ದು' ಎಂಬ ಅರ್ಥದ ಗುರುತನ್ನು ಕನಿಷ್ಠ 4 ಮಿ.ಮೀ. ಎತ್ತರದ ಅಕ್ಷರದಲ್ಲಿ ಪಕ್ಕೆಯ ಮೇಲೆ ಹಾಕಿರಬೇಕು. ನಿಯಮ ಬಂದೊಡನೆ ಅಲ್ಲಿ ಎಲ್ಲ ಸರಿಹೋಯಿತು ಎಂದಲ್ಲ. ಟೈರ್‌ಸೇಫ್ ಎಂಬ ಅಲ್ಲಿನ ಸಂಸ್ಥೆ ಅಧಿಕಾರಿಗಳೊಡನೆ ನಡೆಸಿದ ತಪಾಸಣೆಗಳಲ್ಲಿ ನಿಯಮ ಮುರಿದ ಟೈರುಗಳು ಮತ್ತೆ ಮತ್ತೆ ಸಿಕ್ಕಿವೆ. ಆದರೆ ಅಲ್ಲಿ ಕೆಟ್ಟ ಟೈರು ಮಾರಿದವನನ್ನು ಕೋರ್ಟಿಗೆ ಎಳೆಯಬಹುದು. ಇಲ್ಲಿ ಬಿಲ್ಲೇ ಇರುವುದಿಲ್ಲ.

ಇಂಥ ನಿಯಮ ಇಲ್ಲೂ ಬಂದರೆ ಅದನ್ನು ಪಾಲಿಸಲು ಏನು ಬೇಕು? ಗ್ರಿಪ್ಪಿನ ಆಳ ಅಳೆಯುವ ಒಂದು ಗೇಜು, ಎಲ್ಲ ಅಂಗಡಿಯಲ್ಲೂ ಈಗಾಗಲೇ ಇರುವ ಕಂಪ್ರೆಸರು, ಒಂದು ಮುದ್ರೆ, ಒಂದು ಬಿಲ್ ಪುಸ್ತಕ. ಬಿಲ್ಲಿನಲ್ಲಿ ಟೈರಿನ ಅಳತೆ, ತಯಾರಿಯ ವಾರ ಮತ್ತು ವರ್ಷ, ಉಳಿದ ಗ್ರಿಪ್ಪು, ಒಳಗೆ ಹಾಕಿದ ಪ್ಯಾಚುಗಳ ಸಂಖ್ಯೆ ಇಷ್ಟು ಬರೆದರೆ ಸಾಕು. ಪ್ರಾಮಾಣಿಕ ವ್ಯಾಪಾರಿಗೆ ಇದರಿಂದ ನಷ್ಟವಿಲ್ಲ, ಲಾಭವೇ. ಒಳಗೆ ತೇದುಹೋದ ಟೈರನ್ನು ಪಾಲಿಶ್ ಹಚ್ಚಿ ಮಾರುವ ಪಕ್ಕದವನೊಡನೆ ಅವನು ಈಗ ಬೆಲೆಯಲ್ಲಿ ಪೈಪೋಟಿ ಮಾಡಬೇಕಾಗಿದೆ. ಆಗ ಆ ಪೈಪೋಟಿ ತಪ್ಪುತ್ತದೆ. ತೆಲಂಗಾಣ, ಕರ್ನಾಟಕ ಎರಡೂ ರಾಜ್ಯದ ಸಾರಿಗೆ ಇಲಾಖೆಗಳು ಹಳದಿ ಬೋರ್ಡಿನ ಗಾಡಿಗಳ ಫಿಟ್‌ನೆಸ್ ಪರೀಕ್ಷೆಯಲ್ಲಿ ಗ್ರಿಪ್ಪಿನ ಜತೆಗೆ ತಯಾರಿಯ ವಾರ, ವರ್ಷ ಹೇಳುವ ಆ ನಾಲ್ಕು ಅಂಕಿಯನ್ನೂ ಓದಿ ದಾಖಲಿಸಲು ಶುರುಮಾಡಬೇಕು. ಬೇಡಿಕೆಯ ಕಡೆಯಿಂದ ಒತ್ತಡ ಬಂದರೆ ಅಟ್ಟಿಯಲ್ಲಿರುವ ಹತ್ತು ವರ್ಷದ ಟೈರುಗಳು ತಾವಾಗಿ ಗುಜರಿಗೆ ಹೋಗುತ್ತವೆ.

ಅಲ್ಲಿಯವರೆಗೆ ಕೊಳ್ಳುವವರು ತಮ್ಮ ಕೈಲಾದದ್ದು ಮಾಡಿಕೊಳ್ಳಬೇಕು. ಭಾರದ ಅಂಕಿ ಸರಿಹೊಂದಿಸಿಕೊಳ್ಳಿ: 165/80 ಆರ್14ರ ಪಕ್ಕದಲ್ಲಿ 85 ಎಂದಿದ್ದರೆ ಆ ಟೈರು ಹೊರುವುದು 515 ಕೆ.ಜಿ.; ಬದಲಿ ಟೈರಿನ ಅಂಕಿ ಅದಕ್ಕಿಂತ ಕಡಿಮೆ ಇರಕೂಡದು. ಒಂದೇ ಆಕ್ಸಲ್‌ಗೆ ಎರಡು ಬೇರೆ ಬೇರೆ ತರಹದ ಟೈರು ಹಾಕಿಸಬೇಡಿ. ಎರಡೇ ಬದಲಿಸುವುದಾದರೆ ಹೆಚ್ಚು ಗ್ರಿಪ್ಪಿರುವವು ಹಿಂದಕ್ಕೆ ಹೋಗಲಿ. ಮುಂದಕ್ಕೆ ಹಾಕುವುದು ನಮ್ಮ ಮೆಕ್ಯಾನಿಕ್‌ಗಳ ರೂಢಿ, ಆದರೆ ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರ ಜಾರಿದರೆ ಗಾಡಿ ಗಿರ್ರನೆ ತಿರುಗುತ್ತದೆ, ಸಾಮಾನ್ಯ ಚಾಲಕನಿಗೆ ಹಿಡಿತಕ್ಕೆ ಸಿಗುವುದಿಲ್ಲ. ಬಿಲ್ ಕೇಳಿ, ಕೈಬರಹದ್ದಾದರೂ ಸರಿ. ಅಲಾಯ್ ಇದ್ದರೆ ರಿಮ್ ಪ್ರೊಟೆಕ್ಟರ್ ಇರುವ ಟೈರನ್ನೇ ಆರಿಸಿ, ತಪ್ಪೇನಿಲ್ಲ. ಆದರೆ ಆ ಪ್ರಶ್ನೆಯನ್ನು ಕೊನೆಗೆ ಕೇಳಿ. ಮೊದಲು ಟೈರನ್ನು ಕಳಚಿಸಿ ಒಳಗೆ ಕೈ ಆಡಿಸಿ. ಒಳಗೆ ತೋರಿಸಲು ಒಪ್ಪದ ಅಂಗಡಿಯಲ್ಲಿ ಟೈರು ಕೊಳ್ಳಬೇಡಿ.